ಬೂದಿಯ ಮೇಲೆ ಮಲಗಿದ್ದ ಊದುಬತ್ತಿ

"ಪುಸ್ತಕ ಇಲ್ಲ," ಎಂದರು ಫುಮಿ.

ಸಂಜೆ ಆರು ಗಂಟೆ. ಸ್ನಾನ ಮುಗಿಸಿ ಬಂದಿದ್ದ ಅವರ ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನಾನು ಒಲೆಯ ಮೇಲೆ ಮೂಲಂಗಿ ಬೇಯಲಿಟ್ಟು, ನೋಯುವ ಮಂಡಿಯನ್ನು ಆಗಷ್ಟೇ ಚಾಚಿ ಕೂತಿದ್ದೆ. ಒಸಾಕಾದಲ್ಲಿ ಈ ಆರು ಕೋಣೆಯ ವಸತಿಗೃಹವನ್ನು ಮೂವತ್ತು ವರ್ಷದಿಂದ ನಡೆಸುತ್ತಿದ್ದೇನೆ. ನನ್ನ ಮನೆಯಲ್ಲಿ ಛತ್ರಿಗಳು ಕಳೆದಿವೆ, ಒಬ್ಬರ ಹಲ್ಲಿನ ಸೆಟ್ಟು ಕಳೆದಿದೆ, ಒಮ್ಮೆ ಮದುವೆಯ ಹಿಂದಿನ ದಿನ ಮದುಮಗನೇ ಕಳೆದುಹೋಗಿದ್ದ. ಆದರೆ ದೇವರ ಗೂಡಿನ ಮುಂದೆ ಇಟ್ಟದ್ದು ಮಾಯವಾದದ್ದು ಅದೇ ಮೊದಲು.

"ಸರಿಯಾಗಿ ನೋಡಿದ್ರಾ? ಸುಸ್ತಾಗಿದ್ದೀರಿ, ಬೇರೆ ಕಡೆ ಇಟ್ಟಿರ್ತೀರಿ."

"ಬಟ್ಟೆ ಮಡಿಸಿದ ಹಾಗೇ ಇದೆ. ಒಳಗೆ ಪುಸ್ತಕ ಇಲ್ಲ." ಅವರು ಅಲ್ಲೇ ನೆಲದ ಮೇಲೆ ಕುಸಿದು ಕೂತರು. "ನಾಳೆ ಮೊದಲನೇ ರೈಲಿಗೆ ಹೋಗ್ಬೇಕು. ಅಕ್ಕನಿಗೆ ಏನು ಹೇಳ್ಲಿ ನಾನು?"

ಅವರ ಅಕ್ಕನ ಕತೆಯನ್ನು ನಾನು ಆ ದಿನ ಬೆಳಗ್ಗೆಯೇ ಕೇಳಿದ್ದೆ. ಮದುವೆಯಾಗದೆ, ರಜೆ ಸಿಕ್ಕಾಗಲೆಲ್ಲ ಒಬ್ಬಳೇ ಊರೂರು ಸುತ್ತಿದ ಹೆಂಗಸು. ಹೋದ ಕಡೆಯಲ್ಲೆಲ್ಲ ಒಂದೇ ಪುಸ್ತಕದಲ್ಲಿ ಗುಡಿಯ ಗುರುಗಳಿಂದ ಕುಂಚದಲ್ಲಿ ಬರೆಸಿಕೊಂಡು ಕೆಂಪು ಮುದ್ರೆ ಹಾಕಿಸಿಕೊಂಡಿದ್ದರು. ಸತ್ತಾಗ ಆ ಪುಸ್ತಕ ಜೊತೆಗೇ ಶವಪೆಟ್ಟಿಗೆಯೊಳಗೆ ಹೋಗಬೇಕು ಎಂಬುದು ಅವರ ಆಸೆ. ಈಗ ದೂರದ ಅಕಿತಾದ ಆಸ್ಪತ್ರೆಯಲ್ಲಿದ್ದರು. ವೈದ್ಯರು ಒಂದು ವಾರ ಎಂದಿದ್ದರು. ಉಳಿದದ್ದು ಒಂದೇ ಹಾಳೆ. ಅದಕ್ಕೆ ಒಸಾಕಾದ ಮುದ್ರೆ ಬೇಕು, ಜೊತೆಗೆ ತಾನು ನೋಡದೆ ಉಳಿದ ಜಾಗಗಳನ್ನೆಲ್ಲ ತಂಗಿ ನೋಡಿಬಂದು ಹೇಳಬೇಕು ಎಂದು ಪಟ್ಟಿ ಬರೆದುಕೊಟ್ಟು ಕಳುಹಿಸಿದ್ದರು.

ಫುಮಿ ಆ ಪಟ್ಟಿಯನ್ನು ಒಂದೂ ಬಿಡದೆ ಪೂರೈಸಿದ್ದರು. ಬೆಳಗ್ಗೆ ಕೋಟೆ, ಆಮೇಲೆ ಮಾರುಕಟ್ಟೆಯಲ್ಲಿ ನಿಂತುಕೊಂಡೇ ಆಕ್ಟೋಪಸ್ ಉಂಡೆ, ಕಾಲುವೆಯ ಸೇತುವೆ, ಹಳೆಯ ಗೋಪುರ, ಕೊನೆಗೆ ಬಾಗಿಲು ಹಾಕುವ ಹೊತ್ತಿಗೆ ಓಡೋಡಿ ಶಿತೆನ್ನೋಜಿ ಗುಡಿ, ಅಲ್ಲೇ ಆ ಕೊನೆಯ ಮುದ್ರೆ. ನಾಲ್ಕೂವರೆಗೆ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದಾಗ ಎರಡೂ ಹಿಮ್ಮಡಿ ರಕ್ತ. "ನನಗೆ ಊರು ನೋಡೋ ಚಟವೇ ಇಲ್ಲ. ನೋಡಿದ್ದೆಲ್ಲ ಅವಳಿಗೋಸ್ಕರ," ಎಂದಿದ್ದರು.

ಮನೆಯಲ್ಲಿದ್ದ ಇನ್ನಿಬ್ಬರು ಅತಿಥಿಗಳ ಜೊತೆ ಅವರು ಚಹಾಕ್ಕೆ ಕೂತರು. ಒಬ್ಬಳು ಓಕಿನಾವಾದ ಹುಡುಗಿ ನಗಿಸಾ, ಇಪ್ಪತ್ತೆರಡು ವರ್ಷ, ತಾನೂ ಮುದ್ರೆ ಕೂಡಿಸುವವಳು. ಇನ್ನೊಬ್ಬರು ಕುಮಗಾಯ್, ಮೀನು ಕತ್ತರಿಸುವ ಯಂತ್ರಗಳ ರಿಪೇರಿಯವರು. ತಿಂಗಳಿಗೆ ಎರಡು ದಿನ ಬರುತ್ತಾರೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾರೆ, ಅಷ್ಟೇ. ನಗಿಸಾ ಪುಸ್ತಕವನ್ನು ಹಾಳೆ ಹಾಳೆಯಾಗಿ ಬಿಡಿಸಿ ಬಾಯಿ ಬಿಟ್ಟುಕೊಂಡು ನೋಡಿದಳು.

"ಅಯ್ಯೋ, ಇದೊಂದರಲ್ಲಿ ಕೆಂಪು ಮುದ್ರೆನೇ ಇಲ್ವಲ್ಲ! ಬರೀ ಬರಹ!"

"ಅದು ಉತ್ತರದ ಕಡಲ ತೀರದ ಒಂದು ಸಣ್ಣ ಗುಡಿ," ಎಂದರು ಫುಮಿ. "ನಮ್ಮ ಪಂಗಡದಲ್ಲಿ ಮುದ್ರೆ ಕೊಡೋದಿಲ್ಲಮ್ಮ ಅಂದ್ರಂತೆ ಅಲ್ಲಿನ ಗುರುಗಳು. ನಮ್ಮಕ್ಕ ಬಿಡ್ಬೇಕಲ್ಲ? ಕಾಡಿ ಕಾಡಿ ಬುದ್ಧನ ನಾಮ ಬರೆಸ್ಕೊಂಡಿದ್ದಾಳೆ. ಇಪ್ಪತ್ತು ವರ್ಷ ಆಯ್ತು."

ಕುಮಗಾಯ್ ಬಾಗಿ ಒಮ್ಮೆ ನೋಡಿದರು. ಲೋಟ ಕೆಳಗಿಟ್ಟು ಎದ್ದು ಮಹಡಿಗೆ ಹೋದರು. ಅರ್ಧ ಚಹಾ ಹಾಗೇ ಉಳಿಯಿತು. ಒಳ್ಳೆಯ ಚಹಾ ಚೆಲ್ಲುವಾಗ ನನಗೆ ಹೊಟ್ಟೆ ಉರಿಯಿತು. ಆಮೇಲೆ ಫುಮಿ, ಹೊಸ ಮಸಿ ಒಣಗಲಿ ಎಂದು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ತೀರಿಕೊಂಡ ನನ್ನ ಗಂಡನ ಹೆಸರಿನ ಫಲಕವಿರುವ ದೇವರ ಗೂಡಿನ ಮುಂದಿಟ್ಟು ಸ್ನಾನಕ್ಕೆ ಹೋದರು.

ಹೊರಗಿನವರು ಯಾರೂ ಬಂದಿರಲಿಲ್ಲ. ಬೀದಿ ಬಾಗಿಲು ಸರಿದರೆ ಗಂಟೆ ಬಾರಿಸುತ್ತದೆ, ಅಡುಗೆಮನೆಗೂ ಕೇಳುವ ಆ ಗಂಟೆ ಅಂದು ಬಾರಿಸಿರಲಿಲ್ಲ. ಹುಡುಕಲು ಹೊರಟವಳಿಗೆ ಮಹಡಿಯ ಮೊಗಸಾಲೆಯಲ್ಲಿ, ಸರಿಯಾಗಿ ನಗಿಸಾಳ ಬಾಗಿಲ ಮುಂದೆ, ಒಂದು ತೆಳು ಕಾಗದ ಸಿಕ್ಕಿತು. ಮಸಿ ಹರಡದಿರಲೆಂದು ಗುಡಿಯವರು ಹಾಳೆಗಳ ನಡುವೆ ಇಡುವ ಚೂರು. ಆ ದಿನದ ಮುದ್ರೆಯ ಕೆಂಪು ಅದಕ್ಕೆ ತಿರುಗುಮುರುಗಾಗಿ ಅಂಟಿತ್ತು. ನನಗೆ ಅಷ್ಟು ಸಾಕಾಯಿತು.

"ತೆಗಿ ಹೊರಗೆ," ಎಂದೆ ಬಾಗಿಲು ಬಡಿದು.

"ಏನಮ್ಮಾ?"

"ಸಾಯೋ ಹೆಂಗಸಿನ ಪುಸ್ತಕ. ನಾಚಿಕೆ ಆಗಲ್ವಾ ನಿಂಗೆ?"

ನಗಿಸಾ ಚೀಲವನ್ನೇ ತಲೆಕೆಳಗು ಮಾಡಿ ಸುರಿದಳು. ಅವಳದೇ ಪುಸ್ತಕ, ಕಾಲುಚೀಲ, ಬಿಸ್ಕತ್ತು. ಅತ್ತೂ ಬಿಟ್ಟಳು. ಅಳುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು ಬರುತ್ತದೆ, ಅದೊಂದು ಕೆಟ್ಟ ಗುಣ.

"ತೊಕಿ, ಮನೆ ಹಂಚು ಹಾರ್ಸ್ತೀಯಾ ಏನು?"

ಮೂರನೆಯ ಕೋಣೆಯ ಬಾಗಿಲು ತೆರೆದು ಯಶಿರೊ ನಿಂತಿದ್ದರು. ರೈಲ್ವೆಯ ಕಳೆದುಹೋದ ವಸ್ತುಗಳ ಕಚೇರಿಯಲ್ಲಿ ನಲವತ್ತು ವರ್ಷ ಕೂತು ಸವೆದ ಮನುಷ್ಯ. ನಿವೃತ್ತರಾದ ಮೇಲೆ ನಾಲ್ಕು ದಿನಕ್ಕೆಂದು ಬಂದವರು ಹನ್ನೊಂದು ವರ್ಷದಿಂದ ಇಲ್ಲೇ ಇದ್ದಾರೆ. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಇವರ ಬಳಿಗೇ ಬರುತ್ತಾರೆ. ಇವರು ಪ್ರತಿ ಸಲವೂ ಗೊಣಗುತ್ತಾರೆ, ಪ್ರತಿ ಸಲವೂ ಹುಡುಕಿಕೊಡುತ್ತಾರೆ.

"ಕಳ್ಳತನ ಆಗಿದೆ," ಎಂದು, ಚಹಾದಿಂದ ಹಿಡಿದು ನಡೆದದ್ದನ್ನೆಲ್ಲ ಬೈದುಕೊಂಡೇ ಹೇಳಿದೆ.

"ಆಗ್ಲಿ. ಕಿರುಚಿದ್ರೆ ವಾಪಸ್ ಬರುತ್ತಾ?" ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದು ದೇವರ ಗೂಡಿನ ಮುಂದೆ ಕೂತರು. ಖಾಲಿ ಬಟ್ಟೆಯನ್ನು ಮುಟ್ಟಲಿಲ್ಲ. ಬೂದಿಯ ಬಟ್ಟಲನ್ನು ಮಾತ್ರ ಮುಟ್ಟಿ ನೋಡಿದರು. "ಇವತ್ತು ನೀನು ಊದುಬತ್ತಿ ಎಷ್ಟು ಹೊತ್ತಿಗೆ ಹಚ್ಚಿದ್ದು?"

"ಬೆಳಗ್ಗೆ ಆರಕ್ಕೆ. ಒಂದೇ ಕಡ್ಡಿ, ದಿನಾ ಹಾಗೇ."

"ಬಟ್ಟಲು ಇನ್ನೂ ಬೆಚ್ಚಗಿದೆ."

ನಾನೂ ಬಾಗಿ ನೋಡಿದೆ. ಉರಿದು ಮುಗಿದ ಎರಡು ತುಂಡು ಬೂದಿಯ ಮೇಲೆ ಅಕ್ಕಪಕ್ಕ ಮಲಗಿದ್ದವು. "ಯಾರೋ ನೆಟ್ಟಗೆ ಚುಚ್ಚೋಕೂ ಬಾರದೆ ಬೀಳಿಸಿದ್ದಾರೆ," ಎಂದೆ.

ಯಶಿರೊ ನಿಟ್ಟುಸಿರು ಬಿಟ್ಟರು. "ಊಟಕ್ಕೆ ಮುಂಚೆ ಎಲ್ರನ್ನೂ ಇಲ್ಲಿಗೆ ಕರಿ. ಇವತ್ತು ನಿನ್ನ ಯಜಮಾನರು ತೀರ್ಕೊಂಡ ತಾರೀಖು, ತಿಂಗಳ ದಿನ ಅಲ್ವಾ? ಎಲ್ರೂ ಒಂದೊಂದು ಕಡ್ಡಿ ಹಚ್ಚಲಿ."

ನಿಜ, ಅಂದು ಹದಿನೇಳನೇ ತಾರೀಖು. ನಾನೇ ಮರೆತಿದ್ದೆ. ನಲವತ್ತು ವರ್ಷ ಜೊತೆಗೆ ಬಾಳಿದವರ ದಿನವನ್ನು ಬಾಡಿಗೆಗಿದ್ದವರು ನೆನಪಿಸಬೇಕಾಯಿತಲ್ಲ ಎಂದು ಮನಸ್ಸಿಗೆ ನೋವಾಯಿತು.

ಐದು ಜನ ಕೂತೆವು. ಫುಮಿ ಒಂದು ಕಡ್ಡಿ ಹಚ್ಚಿ ಬೂದಿಯಲ್ಲಿ ನಿಲ್ಲಿಸಿ ಕೈಮುಗಿದರು. ನಗಿಸಾ ಮೂಗು ಒರೆಸಿಕೊಂಡು, "ನಮ್ಮ ಕಡೆ ಚಪ್ಪಟೆ ಊದುಬತ್ತಿ, ಇದು ನಂಗೆ ಅಭ್ಯಾಸ ಇಲ್ಲ," ಎಂದು ಫುಮಿಯನ್ನು ನೋಡಿ ಹಾಗೆಯೇ ನಿಲ್ಲಿಸಿದಳು. ಕುಮಗಾಯ್ ಮುಂದೆ ಬಂದರು. ಕಡ್ಡಿ ತೆಗೆದುಕೊಂಡು ಪಟ್ಟನೆ ಎರಡು ತುಂಡು ಮಾಡಿ, ಹಚ್ಚಿ, ಬೂದಿಯ ಮೇಲೆ ಅಡ್ಡ ಮಲಗಿಸಿದರು. ಕೈ ಜೋಡಿಸುವ ಮೊದಲು ಅವರ ಕಣ್ಣು ಆ ಹಳೆಯ ತುಂಡುಗಳ ಮೇಲೆ ಬಿತ್ತು. ಕೈ ಹಾಗೇ ನಿಂತುಬಿಟ್ಟಿತು.

"ತಪ್ಪೇನಿಲ್ಲ," ಎಂದರು ಯಶಿರೊ ಮೆಲ್ಲಗೆ. "ನಿಮ್ಮ ಪಂಗಡದಲ್ಲಿ ಹಾಗೇ ಅಲ್ವಾ? ಮುರಿದು ಮಲಗಿಸೋದು. ಚಿಕ್ಕಂದಿನಿಂದ ಮಾಡಿದ ಕೈ, ಮನಸ್ಸನ್ನ ಕೇಳೋದಿಲ್ಲ."

ಯಶಿರೊ ದಣಿದ ದನಿಯಲ್ಲಿಯೇ ಮುಂದುವರಿಸಿದರು.

"ಕದಿಯೋಕೆ ಬಂದವನು ಊದುಬತ್ತಿ ಹಚ್ಚೋದಿಲ್ಲ. ಅಂದ್ರೆ ಇಲ್ಲಿಗೆ ಬಂದವರು ಕೈಮುಗಿಯೋಕೆ ಬಂದೋರು, ಆಮೇಲೆ ಬಿಟ್ಟುಹೋಗೋಕೆ ಆಗ್ಲಿಲ್ಲ. ಯಾರಿಗೆ ಕೈಮುಗಿದ್ರು? ತೊಕಿಯ ಗಂಡನನ್ನ ಇವರ್ಯಾರೂ ನೋಡಿಲ್ಲ. ಹಾಗಾದ್ರೆ ಪುಸ್ತಕಕ್ಕೇ ಮುಗಿದಿದ್ದಾರೆ. ಮಲಗಿಸಿದ ಊದುಬತ್ತಿಯೋರ ಪಂಗಡದಲ್ಲಿ ಮುದ್ರೆ ಕೊಡೋ ಪದ್ಧತಿ ಇಲ್ಲ. ಆ ಪುಸ್ತಕದಲ್ಲಿ ಮುದ್ರೆ ಇಲ್ಲದ ಹಾಳೆ ಇರೋದು ಒಂದೇ. ಅದನ್ನ ನೋಡ್ತಿದ್ದ ಹಾಗೆ ಚಹಾ ಬಿಟ್ಟು ಎದ್ದೋರು ಒಬ್ಬರೇ ಅಂತ ತೊಕಿನೇ ಹೇಳಿದ್ಲು, ಬೈಕೊಂಡು."

"ಮತ್ತೆ ಆ ಕಾಗದ?" ಎಂದೆ. ನನ್ನ ಮುಖ ಬಿಸಿಯಾಗಿತ್ತು.

"ಕುಮಗಾಯ್ ಅವ್ರ ಕೋಣೆ ಮೊಗಸಾಲೆ ಕೊನೇಲಿ. ಈ ಹುಡುಗಿ ಬಾಗಿಲು ದಾಟದೆ ಹೇಗೆ ಹೋಗ್ತಾರೆ? ದಾರಿಯಲ್ಲಿ ಜಾರಿದೆ. ಅಷ್ಟು ಯೋಚನೆ ಮಾಡಿದ್ದಿದ್ರೆ ಪಾಪದವಳನ್ನ ಅಳಿಸ್ತಿರ್ಲಿಲ್ಲ ನೀನು."

ಕುಮಗಾಯ್ ಎದ್ದು ಹೋಗಿ ಪುಸ್ತಕ ತಂದು, ಎರಡೂ ಕೈಯಲ್ಲಿ ಹಿಡಿದು ಫುಮಿಯ ಮುಂದಿಟ್ಟು, ಹಣೆ ಚಾಪೆಗೆ ತಾಗುವಂತೆ ಬಾಗಿದರು.

"ಅದು ನಮ್ಮಪ್ಪನ ಕೈಬರಹ," ಎಂದರು. "ಸುನಾಮಿ ಅಲೆ ಬಂದಾಗ ಗುಡಿ ಹೋಯ್ತು, ಅಪ್ಪ ಹೋದ್ರು. ಒಂದು ಫೋಟೋ ಸಿಗ್ಲಿಲ್ಲ, ಒಂದು ಚೀಟಿ ಸಿಗ್ಲಿಲ್ಲ. ದೇಹವೂ ಸಿಗ್ಲಿಲ್ಲ. ಹದಿಮೂರು ವರ್ಷದ ಮೇಲೆ ಚಹಾ ಕುಡೀತಾ ಕೂತಿದ್ದಾಗ ಎದುರಿಗೆ ಬಂತು. ಅದೊಂದು ಹಾಳೆ ಬಿಡಿಸ್ಕೊಳ್ಳೋಣ ಅಂತ ಬ್ಲೇಡು ಹಿಡ್ಕೊಂಡು ಕೂತಿದ್ದೆ. ಕೊಯ್ಯೋಕೆ ಆಗ್ಲಿಲ್ಲ."

"ಕೇಳ್ಬಾರ್ದಿತ್ತಾ?" ಎಂದರು ಫುಮಿ. ಅವರ ದನಿಯಲ್ಲಿ ಸಿಟ್ಟಿತ್ತು. "ನನ್ನ ಜೀವ ಹೋಗಿತ್ತು!"

"ಕೇಳಿದ್ರೆ ಅಪ್ಪ ಹೋದ್ರು ಅಂತ ಬಾಯಿಬಿಟ್ಟು ಹೇಳ್ಬೇಕಿತ್ತು. ಇಲ್ಲೀವರೆಗೆ ಯಾರ ಹತ್ರಾನೂ ಹೇಳಿಲ್ಲ."

ಫುಮಿ ಪುಸ್ತಕವನ್ನು ಬಿಡಿಸಿ, ಒಂದೊಂದೇ ಹಾಳೆ ಸವರಿ ನೋಡುತ್ತ, ಮುದ್ರೆ ಇಲ್ಲದ ಹಾಳೆಗೆ ಬಂದು ನಿಂತರು. ಒಲೆಯ ಮೇಲೆ ಮೂಲಂಗಿ ತಳ ಹಿಡಿದ ವಾಸನೆ ಬಂದರೂ ನಾನು ಏಳಲಿಲ್ಲ.

"ಇದು ನಂದಲ್ಲ, ಕೊಡೋದು ಬಿಡೋದು ಅಕ್ಕನ ಇಷ್ಟ," ಎಂದರು ಕೊನೆಗೆ. "ಆದ್ರೆ ನಿಮ್ಮ ಅಪ್ಪನ್ನ ನೋಡಿ ಮಾತಾಡಿಸಿದೋಳು ಅವಳು. ಇನ್ನೂ ಇದ್ದಾಳೆ. ನಾಳೆ ಬರ್ತೀರಾ?"

ಮರುದಿನ ಬೆಳಗ್ಗೆ ಇಬ್ಬರಿಗೂ ಅನ್ನದುಂಡೆ ಕಟ್ಟಿಕೊಟ್ಟೆ. ನಗಿಸಾಗೆ ಮೊಟ್ಟೆಯ ಪಲ್ಯ ಮಾಡಿ ಬಡಿಸಿದೆ. ಕ್ಷಮೆ ಕೇಳಲು ನನಗೆ ಬರುವ ದಾರಿ ಅದೊಂದೇ. ಅವಳು ಎರಡು ಸಲ ಹಾಕಿಸಿಕೊಂಡಳು.

ಐದನೆಯ ದಿನ ಫುಮಿಯ ಫೋನು ಬಂತು. ಅಕ್ಕ ಹಿಂದಿನ ದಿನ ತೀರಿಕೊಂಡಿದ್ದರು. ಕುಮಗಾಯ್ ಹೋದಾಗ ಅವರಿಗೆ ಕಣ್ಣು ಬಿಡುವ ಶಕ್ತಿಯೂ ಇರಲಿಲ್ಲವಂತೆ. ಏನು ಹೇಳಬೇಕೆಂದು ತಿಳಿಯದೆ ಕುಮಗಾಯ್ ಹಾಸಿಗೆಯ ಪಕ್ಕ ಕೂತು, ಪುಸ್ತಕ ಬಿಡಿಸಿ, ಅಪ್ಪ ಬರೆದಿದ್ದ ಬುದ್ಧನ ನಾಮವನ್ನು ಗಟ್ಟಿಯಾಗಿ ಓದಿದರಂತೆ. ರೋಗಿಯ ಮುಖ ಆ ಕಡೆಗೆ ತಿರುಗಿತಂತೆ.

"ಏನಂದ್ಲು ಗೊತ್ತಾ?" ಎಂದರು ಫುಮಿ. "'ಗುರುಗಳೇ, ನೀವು ಇಷ್ಟು ದೂರ ಬಂದ್ರಾ?' ಅಂದ್ಲು. ಕುಮಗಾಯ್ ಅವ್ರದು ಅದೇ ದನಿಯಂತೆ ತೊಕಿಯವ್ರೇ, ಅವರಪ್ಪಂದೇ ದನಿಯಂತೆ."

"ಅದಕ್ಕೆ ಕುಮಗಾಯ್ ಏನಂದ್ರು?"

ಫೋನಿನ ಆ ಕಡೆ ಅವರು ಮೂಗು ಸೀಟಿದ್ದು ಕೇಳಿಸಿತು.

"'ಹೌದಮ್ಮ, ಬಂದೆ' ಅಂದ್ರು."