ಹೊಸ್ತಿಲು ತೆಗೆದ ಮನೆ

ನನ್ನ ಧ್ವನಿ ನನಗೇ ಮರೆತುಹೋಗ್ತಾ ಇದೆಯಾ...

ಆ ಭಾನುವಾರ ಬೆಳಿಗ್ಗೆ ಅವಳ ಮನಸ್ಸಿನಲ್ಲಿ ಹುಟ್ಟಿಕೊಂಡ ಚಿಂತೆ ಇದು. ಯಾರಿಗೂ ಹೇಳುವಂಥದ್ದಲ್ಲ. ಹಿಂದಿನ ದಿನವೆಲ್ಲ ಅವಳ ಬಾಯಿಂದ ಹೊರಟಿದ್ದು 'ಹೂಂ', 'ಬೇಡ', 'ಆಯ್ತು' ಇಷ್ಟೇ. ಪದವಿ ಮುಗಿಸಿದವಳು ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಲೆನ್ಸ್ ಪರೀಕ್ಷಿಸುವ ಕೆಲಸ ಹಿಡಿದಿದ್ದೇ, ಗಿರಾಕಿಗಳ ಜೊತೆ ಮಾತಾಡುವ ಗೋಜಿಲ್ಲ ಅಂತ. ಮಾತಾಡಬೇಕು ಅನ್ನಿಸಿದಾಗಲೂ ಅಷ್ಟೇ. ವಾಕ್ಯ ಅವಳೊಳಗೆ ತಲೆ ಬಾಚಿಕೊಂಡು, ಬಟ್ಟೆ ಸರಿಮಾಡಿಕೊಂಡು ಹೊರಡುವ ಹೊತ್ತಿಗೆ ಎದುರಿನವರು ಎದ್ದು ಹೋಗಿರುತ್ತಿದ್ದರು.

ಆಗಲೇ ಗೋಡೆ ಗರ್ರ್ ಅಂದಿತು.

ಮಂಚದ ಪಕ್ಕ ಸುಣ್ಣದ ಪುಡಿ ಉದುರಿ, ಅವಳ ಕಣ್ಣೆದುರೇ ಡ್ರಿಲ್ಲಿನ ಮೂತಿ ಈಚೆ ಬಂತು. ಒಂದು ಸುತ್ತು ತಿರುಗಿ ನಿಂತಿತು. ಮೆಲ್ಲಗೆ ವಾಪಸ್ ಹೋಯಿತು. ಆ ತೂತಿನೊಳಗಿಂದ ಗಂಡು ಧ್ವನಿಯೊಂದು ಕೇಳಿತು.

"ಆ ಕಡೆ... ಯಾರಾದ್ರೂ ಇದ್ದೀರಾ?"

"ಇದ್ದೀನಿ."

"ಏಟಾಯ್ತಾ?"

"ನನಗಿಲ್ಲ. ಗೋಡೆಗೆ ಆಯ್ತು."

ಆಚೆ ಕಡೆ ನಗು. ಅವಳಿಗೆ ಮೈಯೆಲ್ಲ ಬಿಸಿಯಾಯಿತು. ನಾನಾ ಹಾಗಂದಿದ್ದು... ಅದೂ ಇಷ್ಟು ಬೇಗ?

ಸ್ವಲ್ಪ ಹೊತ್ತಿಗೆ ಅವನು ಪುಟ್ಟಿ ಕಲಸಿದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಂದೇ ಗೋಡೆ ಹಂಚಿಕೊಂಡ ಪಕ್ಕದ ಮನೆಗೆ ಇತ್ತೀಚೆಗಷ್ಟೇ ತಾಯಿಯ ಜೊತೆ ಬಂದವನು. ಲಿಫ್ಟ್ ಮೆಕ್ಯಾನಿಕ್. ಮನೆಯ ರಿಪೇರಿ ಕೆಲಸವನ್ನೆಲ್ಲ ರಜದ ದಿನ, ಸಂಜೆ ಹೊತ್ತು ತಾನೇ ಮಾಡಿಕೊಳ್ಳುತ್ತಿದ್ದ.

"ಬಾತ್‌ರೂಮಲ್ಲಿ ಟವೆಲ್ ರಾಡ್ ಹಾಕ್ತಿದ್ದೆ," ಅಂದ ತೂತು ಮುಚ್ಚುತ್ತ.

"ಟವೆಲ್‌ಗೆ ಗೋಡೆ ದಾಟೋಷ್ಟು ಉದ್ದದ ಬೋಲ್ಟಾ?"

ಅವನ ಕೈ ಒಂದು ಕ್ಷಣ ನಿಂತಿತು. "ಒದ್ದೆ ಟವೆಲ್ ಭಾರ ಇರುತ್ತಲ್ಲ," ಅಂದ. ಅವಳ ಕಡೆ ನೋಡಲಿಲ್ಲ.

ಅಲ್ಲಿಂದ ಶುರುವಾಯಿತು. ಅಂಗಡಿಯಿಂದ ಬರುವಾಗ ಅವನು ಗೇಟಿನ ಬಳಿ ಮರ ಉಜ್ಜುತ್ತಲೋ ಪೈಪ್ ಕೊಯ್ಯುತ್ತಲೋ ಇರುತ್ತಿದ್ದ. ಅವಳನ್ನು ಕಂಡರೆ ಏನಾದರೊಂದು ಕೇಳುತ್ತಿದ್ದ. ಒಂದು ಸಂಜೆ ಎರಡು ಹಿಡಿಕೆ ತೋರಿಸಿದ.

"ಬಾಗಿಲಿಗೆ ಉಂಡೆ ಹಿಡಿಕೆ ಹಾಕ್ಲಾ, ಉದ್ದಂದು ಹಾಕ್ಲಾ?"

ಅವಳು ಯೋಚಿಸಿದಳು. ಅವಳ ವಾಕ್ಯ ತಯಾರಾಗುವವರೆಗೂ ಅವನು ಕಾದ. ಉಸಿರು ಬಿಗಿಹಿಡಿಯದೆ, ಗಡಿಯಾರ ನೋಡದೆ, ಸುಮ್ಮನೆ ಕಾದ. ಅವಳ ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕಾದಿರಲಿಲ್ಲ.

"ಉದ್ದಂದು. ಕೈಯಲ್ಲಿ ಶಕ್ತಿ ಇಲ್ಲದಿದ್ರೂ ಮೊಣಕೈಯಲ್ಲಿ ಒತ್ತಿದ್ರೆ ತೆಗೆಯುತ್ತೆ."

ಅವನು ತಲೆಯೆತ್ತಿ ಅವಳನ್ನೇ ನೋಡಿದ. "ಇದು ಬೇರೆ ಯಾರಿಗೂ ಹೊಳೆಯಲ್ಲ, ಗೊತ್ತಾ," ಅಂದ.

ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಏಳಲೇ ಇಲ್ಲ.

ಆದರೆ ಆ ಮನೆಯ ಮೇಲೆ ಕಣ್ಣಿಟ್ಟಿದ್ದವಳು ಅವಳೊಬ್ಬಳೇ ಅಲ್ಲವಲ್ಲ. ಯಾರ ಮನೆಗೆ ಒಂದು ಚೀಲ ಸಿಮೆಂಟ್ ಬಂದರೂ ಬೀದಿಯ ಸಂಜೆಗೆ ಅದೇ ಮಾತು. ಮುಖ್ಯ ಭಾಷಣ ಟೈಲ್ಸ್ ಮಾವನದು. ಒಮ್ಮೆ ತಮ್ಮ ಅಡುಗೆಮನೆಗೆ ಟೈಲ್ಸ್ ಹಾಕಿಸಿದ್ದೇ ಅರ್ಹತೆ, ಅಂದಿನಿಂದ ಅವರು ಎಲ್ಲರ ಮನೆಗೂ ಇಂಜಿನಿಯರ್.

"ಹೊಸ್ತಿಲನ್ನೆಲ್ಲ ಕಿತ್ತುಹಾಕಿದ್ದಾನೆ ಕಣ್ರೀ ಆ ಲಿಫ್ಟ್ ಹುಡುಗ. ಹಲ್ಲು ಕಿತ್ತ ಬಾಯಿ ಥರ ಕಾಣುತ್ತೆ ಮನೆ. ನನ್ನನ್ನ ಒಂದು ಮಾತು ಕೇಳ್ಬಾರ್ದಾ?"

"ನಿಮ್ಮನ್ನ ಕೇಳಿದ್ರೆ ಸೀಲಿಂಗಿಗೂ ಟೈಲ್ಸ್ ಹಾಕಿಸ್ತಿದ್ರಿ," ಅಂದರು ಮೂಲೆಮನೆ ಆಂಟಿ. "ಬಚ್ಚಲ ಬಾಗಿಲು ಅಗಲ ಮಾಡ್ಸಿದಾನೆ. ಕೆಳಗಿನ ರೂಮಿಗೆ ಹೊಸ ಮಂಚ ಬಂತು. ಇಷ್ಟೂ ಅರ್ಥ ಆಗಲ್ವಾ? ಮದುವೆ ತಯಾರಿ."

"ನಿಮಗ್ಯಾರು ಹೇಳಿದ್ರು?" ಅಂದಳು ಅವಳ ಅಮ್ಮ.

"ಕಿಟಕಿ ಹತ್ರ ಕೂತಿದ್ದ ಅವನ ತಾಯೀನೇ ಕೇಳ್ದೆ. ಸೊಸೆ ಬರ್ತಾಳಾ ಅಂತ. ಸುಮ್ನೆ ನಕ್ರು. ಇಲ್ಲ ಅನ್ನಲಿಲ್ಲ ನೋಡಿ."

ಅವಳು ಗೇಟಿನ ಚಿಲಕ ಹಿಡಿದು ಅಲ್ಲೇ ನಿಂತಿದ್ದಳು.

"ಯಾಕೆ ಮಗಳೇ, ಮುಖ ಹೀಗಾಯ್ತು?" ಅಂದಳು ಅಮ್ಮ.

"ತಲೆನೋವು."

ರೂಮಿಗೆ ಬಂದು ಕೂತಳು. ಆಚೆ ಕಡೆ ಸುತ್ತಿಗೆಯ ಸದ್ದು. ಒಂದೊಂದು ಏಟೂ ತನಗೇ ಬಿದ್ದಂತೆ... ಹಿಡಿಕೆ ಹೇಗಿರಬೇಕು ಅಂತ ನನ್ನನ್ನು ಕೇಳಿದ್ದು ಬೇರೆ ಯಾರದೋ ಕೈಗಾಗಿ. ನಾನು ಎಂಥ ಪೆದ್ದಿ!

ಮಾರನೇ ದಿನದಿಂದ ಅವಳು ಹಿಂದಿನ ಬೀದಿ ಸುತ್ತಿಕೊಂಡು ಮನೆಗೆ ಬರತೊಡಗಿದಳು. ಅವನು ಕೈಯೆತ್ತಿದರೆ ಚಪ್ಪಲಿ ನೋಡಿಕೊಂಡಳು. ಕೊನೆಗೊಂದು ಸಂಜೆ ಅವನೇ ಅಂಗಡಿಯ ಬಾಗಿಲಿಗೆ ಬಂದ.

"ಬೀದಿಯಲ್ಲಿ ಏನೋ ಕೇಳಿದೀರಿ ಅನ್ಸುತ್ತೆ."

"ಹೂಂ."

"ಅದಕ್ಕೇ ದೂರ ಓಡಾಡ್ತಿದೀರಾ?"

ಅವಳೊಳಗೆ ನೂರು ಮಾತು ನೂಕುನುಗ್ಗಲಾದವು. ಹೊರಗೆ ಬಂದದ್ದು ಒಂದೇ. "ಅದೇ ಒಳ್ಳೇದಲ್ವಾ? ಎಲ್ಲರಿಗೂ."

ಅವನ ಮುಖದಿಂದ ಏನೋ ಇಳಿದುಹೋಯಿತು. ಸಿಟ್ಟು ಬರಲಿಲ್ಲ ಅವನಿಗೆ. ಅದೇ ಅವಳಿಗೆ ಅರ್ಥವಾಗಲಿಲ್ಲ.

"ನಿಮ್ಮದು ತಪ್ಪು ಅನ್ನಲ್ಲ," ಅಂದ. "ಮೊದಲೇ ಹೇಳ್ಬೇಕಿತ್ತು ನಾನು. ಧೈರ್ಯ ಬರಲಿಲ್ಲ."

ಹೊರಟುಹೋದ. ಅವಳು ಒಳಕೋಣೆಗೆ ಹೋಗಿ ಲೆನ್ಸ್ ಒರೆಸುತ್ತ ಕೂತಳು. ಎಷ್ಟು ಒರೆಸಿದರೂ ಮಂಜಾಗೇ ಕಾಣುತ್ತಿತ್ತು.

ಆಮೇಲೆ ಪಕ್ಕದ ಮನೆಯಲ್ಲಿ ಸದ್ದೇ ಇಲ್ಲ. ಅರ್ಧ ಬಣ್ಣ ಹೊಡೆದ ಮುಂಗೋಡೆ ಹಾಗೇ ನಿಂತಿತು. ಟೈಲ್ಸ್ ಮಾವ ಕೂಡ ಹೇಳಲು ಏನೂ ಉಳಿಯದೆ, ಚರಂಡಿಯ ವಿಷಯಕ್ಕೆ ಹೊರಳಿಕೊಂಡರು. ಮೋಡ ಕವಿದ ದಿನಗಳು. ಅವಳು ಮತ್ತೆ 'ಹೂಂ', 'ಬೇಡ', 'ಆಯ್ತು'ಗಳಿಗೆ ವಾಪಸಾದಳು.

ಅವಳು ರಜೆ ಹಾಕಿದ್ದ ಒಂದು ಮಧ್ಯಾಹ್ನ, ಅಮ್ಮ ಮನೆಯಲ್ಲಿರಲಿಲ್ಲ, ಅವನೂ ಕೆಲಸಕ್ಕೆ ಹೋಗಿದ್ದ. ಗೋಡೆಯಾಚೆ ಏನೋ ಧೊಪ್ಪೆಂದು ಬಿತ್ತು. ಆಮೇಲೆ ಸಣ್ಣಗೆ ನರಳುವ ಸದ್ದು.

ಓಡಿದಳು. ಮುಂಬಾಗಿಲಿಗೆ ಬೀಗ ಇರಲಿಲ್ಲ. ಹಿಡಿಕೆ ಒತ್ತಿದ್ದೇ ತೆರೆದುಕೊಂಡಿತು. ಬಚ್ಚಲ ನೆಲದಲ್ಲಿ ಅವನ ತಾಯಿ ಒಂದು ಪಕ್ಕಕ್ಕೆ ಬಿದ್ದಿದ್ದರು. ಒಂದು ಕೈ ಮಾತ್ರ ಗೋಡೆಯ ಕಂಬಿಯನ್ನು ಬಿಡದೆ ಹಿಡಿದಿತ್ತು.

ಟವೆಲ್ ಹಾಕುವ ಕಂಬಿಯಲ್ಲ ಅದು. ಕೂತವರು ಹಿಡಿದು ಏಳುವಷ್ಟು ಎತ್ತರಕ್ಕೆ, ಒಬ್ಬ ಮನುಷ್ಯನ ಭಾರ ತಡೆಯುವಷ್ಟು ದಪ್ಪಕ್ಕೆ ಇತ್ತು. ಅಗಲವಾದ ಬಾಗಿಲ ಹಿಂದೆ ಮಡಚಿಟ್ಟ ಗಾಲಿಕುರ್ಚಿ. ಹೊಸ್ತಿಲಿಲ್ಲದ ನೆಲ, ಈ ಕೋಣೆಯಿಂದ ಆ ಕೋಣೆಗೆ ಎಲ್ಲೂ ಎಡವದ ಹಾಗೆ...

ಅವಳು ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿ, ಮಂಚಕ್ಕೆ ಕರೆತಂದು ಕೂರಿಸಿದಳು. ಮೊಣಕೈ ತರಚಿತ್ತು, ಅಷ್ಟೇ. ಅವರ ಕೈಯಿಂದಲೇ ಅವನಿಗೆ ಫೋನ್ ಮಾಡಿಸಿದಳು.

"ಹೆದರ್ಕೊಂಡ್ಯಾ ತಾಯಿ?" ಅಂದರು ಅವರು ನೀರು ಕುಡಿದು. "ಕಾಲು ನನ್ನ ಮಾತು ಕೇಳೋದು ಬಿಟ್ಟು ತುಂಬಾ ದಿನ ಆಯ್ತು. ಇನ್ನು ಮೇಲೆ ಕೈ ಸರದಿ ಅಂತೆ. ವಾಸಿ ಆಗೋ ಕಾಯಿಲೆ ಅಲ್ಲ."

"ಬೀದಿಯಲ್ಲಿ... ಮದುವೆ ಅಂತ..."

"ನಾನೇ ಇರಲಿ ಅಂತ ಬಿಟ್ಟೆ. ಅಯ್ಯೋ ಪಾಪ ಅನ್ನಿಸ್ಕೊಳ್ಳೋದಕ್ಕಿಂತ ಸೊಸೆ ಬರ್ತಾಳಂತೆ ಅನ್ನಿಸ್ಕೊಳ್ಳೋದು ಚೆನ್ನಾಗಿತ್ತು." ಅವರು ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ನಿನ್ನ ಮೇಲೆ ನನಗೆ ಬೇಜಾರಿಲ್ಲ. ನನ್ನ ಕಾಲಿನ ವಿಷಯ ಗೊತ್ತಾಗಿ ನೀನು ಹಿಂದೆ ಸರಿದೆ ಅಂದ ನನ್ನ ಮಗ. ಯಾರಾದ್ರೂ ಹಾಗೇ ಮಾಡ್ತಾರೆ. ಅವನೇ ತಡ್ಕೊಳ್ಳೋಕಾಗದೆ ಬೇರೆ ಊರಿಗೆ ವರ್ಗ ಕೇಳಿದಾನೆ. ಕೊಟ್ಟಿದ್ದಾರಂತೆ. ಬರ್ತೀನಿ ಅಂತ ನಾಳೆ ಕಂಪನಿಗೆ ಹೇಳ್ಬೇಕಂತೆ."

ಅವಳು ಅವರ ಮಡಿಲಲ್ಲಿದ್ದ ತನ್ನ ಕೈಯನ್ನೇ ನೋಡಿದಳು.

ನನ್ನ ಬಗ್ಗೆ ಹೀಗಂದುಕೊಂಡು ಬದುಕ್ತಿದ್ದಾನಾ... ಇವರ ಕಾಯಿಲೆಗೆ ಹೆದರಿ ಓಡಿಹೋದವಳು ಅಂತ?

ಅವನು ಏದುಸಿರು ಬಿಡುತ್ತ ಒಳಗೆ ಬಂದ. ತಾಯಿಯ ತಲೆ, ಬೆನ್ನು, ಮೊಣಕೈ ಎಲ್ಲ ಮುಟ್ಟಿ ನೋಡಿದ. ಆಮೇಲಷ್ಟೇ ಅವಳ ಕಡೆ ತಿರುಗಿದ.

"ಥ್ಯಾಂಕ್ಸ್. ನೀವಿನ್ನು ಹೊರಡಿ. ನಾನಿದ್ದೀನಿ."

ಅವಳು ಹೊರಡಲಿಲ್ಲ. ಅವನು ಮುಂದಿನ ಕೋಣೆಗೆ ಬಂದ, ಅವಳು ಹಿಂದೆಯೇ ಬಂದಳು. ವಾಕ್ಯ ಇನ್ನೂ ತಯಾರಾಗುತ್ತಿತ್ತು. ಅವನು ಇವತ್ತು ಕಾಯಲಿಲ್ಲ.

"ದಯವಿಟ್ಟು ಪಾಪ ಅನ್ಕೊಂಡು ನಿಲ್ಬೇಡಿ. ಹೆದರಿ ದೂರ ಹೋದ್ರಿ, ಅದು ನಿಜ ಆದ್ರೂ ಆಗಿತ್ತು. ಪಾಪ ಅನ್ನೋದು ನನಗೆ ಬೇಡ."

"ಹೆದರಿ ಅಲ್ಲ."

"ಮತ್ತೆ?"

ಹೊರಗೆ ಟೈಲ್ಸ್ ಮಾವ ಯಾರಿಗೋ ಚರಂಡಿಯ ಇಳಿಜಾರು ವಿವರಿಸುತ್ತಿದ್ದರು. ಅವಳು ನೆಲ ನೋಡಿದಳು. ತಲೆಯೆತ್ತಿದಳು.

"ಹೊಟ್ಟೆಕಿಚ್ಚಿಗೆ."

"ಏನು?"

"ಮನೆ ರಿಪೇರಿ ನಿಮ್ಮ ಮದುವೆಗೆ ಅಂದ್ರು ಎಲ್ಲರೂ. ನಾನೂ ನಂಬಿದೆ. ನಿಮ್ಮಮ್ಮನ ವಿಷಯ ನನಗೆ ಗೊತ್ತಾಗಿದ್ದು ಈಗ."

ಅವನು ಗೋಡೆಗೆ ಒರಗಿ ನಿಂತುಬಿಟ್ಟ. ಅವನ ಕಣ್ಣು ತುಂಬಿ ಬಂದಿದ್ದು ಅವಳಿಗೆ ಕಂಡಿತು. ಆದರೆ ಅವನು ಹತ್ತಿರ ಬರಲಿಲ್ಲ.

"ಈಗ ಗೊತ್ತಾಯ್ತಲ್ಲ," ಅಂದ, ಒಳಗಿನವರಿಗೆ ಕೇಳಿಸದಷ್ಟು ಮೆತ್ತಗೆ. "ಅಮ್ಮನ ಕೈಕಾಲು ಇನ್ನೂ ಸೋಲುತ್ತೆ. ಎತ್ತಬೇಕು, ತಿನ್ನಿಸಬೇಕು. ಮನೆಯಲ್ಲಿ ಖುಷಿ ಕಡಿಮೆ ಇರುತ್ತೆ. ಒಂದು ದಿನ ನಿಮಗೂ ಸಾಕು ಅನ್ಸುತ್ತೆ."

ಇಲ್ಲ ಅನ್ನುವುದು ಸುಲಭವಿತ್ತು. ಅವಳು ಹಾಗನ್ನಲಿಲ್ಲ.

"ಅನ್ನಿಸಬಹುದು," ಅಂದಳು.

ಅವನು ಕಾದ, ಮೊದಲಿನ ಹಾಗೆ.

"ಸಾಕಾದ ದಿನ ಸಾಕಾಯ್ತು ಅಂತ ನಿಮ್ಮ ಹತ್ರಾನೇ ಹೇಳ್ತೀನಿ. ಅಳು ಬಂದ್ರೆ ನಿಮ್ಮ ಮುಂದೇನೇ ಅಳ್ತೀನಿ. ಆದ್ರೆ ನೀವಿಲ್ಲದೆ ಈ ಕೆಲವು ದಿನ ಇದ್ನಲ್ಲ... ಅದು ನನ್ನ ಕೈಲಿ ಆಗಲ್ಲ. ನಾಳೆ, ವರ್ಗ ಬೇಡ, ಬರಲ್ಲ ಅಂತ ಹೇಳಿಬಿಡಿ ಕಂಪನಿಯವರಿಗೆ. ನೀವು ಬೇಕು ನನಗೆ."