ಕೊಕ್ಕರೆಯ ಕಾಲಿನ ನಂಬರು

ದುರ್ಬೀನು ಆರಿಸಿದವರು ತಾವು, ಅದಕ್ಕೆ ಕಣ್ಣಿಟ್ಟು ಕೂರುವವನು ಚನ್ನಬಸಪ್ಪ. ಈ ಅನ್ಯಾಯವನ್ನು ಕಲ್ಲೇಶಪ್ಪ ಮೇಷ್ಟ್ರಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮೇಷ್ಟ್ರು ಅಜ್ಜಂಪುರದ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಕೆರೆ ಕೆರೆ ತಿರುಗಿ ಹಕ್ಕಿ ನೋಡುವ ಹುಚ್ಚು. ಪಂಚನಹಳ್ಳಿಯ ತೆಂಗಿನ ತೋಟದ ಸಾಹುಕಾರ ಚನ್ನಬಸಪ್ಪನಿಗೆ ಆ ಹುಚ್ಚು ಹತ್ತಿಸಿದವರೂ ಅವರೇ. "ಇರೋದ್ರಲ್ಲಿ ಒಳ್ಳೇ ದುರ್ಬೀನು ಯಾವ್ದೋ ಅದನ್ನೇ ಆರಿಸ್ಕೊಡಿ ಮೇಷ್ಟ್ರೇ" ಎಂದಿದ್ದ ಆತ.

ಮೂರು ತಿಂಗಳು ಮೇಷ್ಟ್ರು ಕ್ಯಾಟಲಾಗುಗಳಲ್ಲೇ ಮುಳುಗಿದ್ದರು. ಬರೀ ದೊಡ್ಡದಾಗಿ ತೋರಿಸಿದರೆ ಸಾಲದು, ಮುಂದಿನ ಗಾಜು ಅಗಲವಿರಬೇಕು, ಇಲ್ಲದಿದ್ದರೆ ಮೋಡದ ದಿನ ಹಕ್ಕಿ ಮಸಿಯುಂಡೆಯಾಗುತ್ತದೆ. ಅಂಚಿನಲ್ಲಿ ಬಣ್ಣ ಒಡೆಯಬಾರದು. ಕೊನೆಗೆ ಅರವತ್ತು ಪಟ್ಟು ಹಿಗ್ಗಿಸುವ ಜರ್ಮನಿಯ ಮಾಲಿಗೆ ಬೆರಳಿಟ್ಟರು. ಮುಂಬಯಿಯ ಕೊಬ್ಬರಿ ವ್ಯಾಪಾರಿಯೊಬ್ಬರ ಮೂಲಕ ಅದು ಬಂತು. ತಿಂಗಳು ಕಳೆಯುವಷ್ಟರಲ್ಲಿ ಚನ್ನಬಸಪ್ಪ ಹಕ್ಕಿ ಬಿಟ್ಟು, ಬಸ್ಸಿನಿಂದ ಯಾರ್ಯಾರು ಇಳಿದರೆಂದು ಮಹಡಿಯಿಂದ ನೋಡತೊಡಗಿದ. ಒಂದು ಭಾನುವಾರದ ಮಟ್ಟಿಗೆ ಕೊಡಿ ಎಂದರೆ, "ಸೂಕ್ಷ್ಮದ ಸಾಮಾನು ಅಂತ ನೀವೇ ಹೇಳಿದ್ರಲ್ಲ, ಸೈಕಲ್ ಮೇಲೆ ಕುಲುಕಿದ್ರೆ ಏನ್ಗತಿ?" ಎಂದ.

ಅವತ್ತೇ ಮೇಷ್ಟ್ರು ಕಳ್ಳರಾದರು. ನಲವತ್ತು ಹುಡುಗರ ಗದ್ದಲ ಅಡಗಿಸಲಾರದ ತಾನು ಇದಕ್ಕೆ ಕೈಹಾಕುವುದೇ ಎಂದು ತಮ್ಮ ಮೇಲೆ ತಮಗೇ ನಗು ಬಂತು. ಆದರೂ ಉಪಾಯ ಗಟ್ಟಿಯಾಗಿತ್ತು. ಗುಜರಿಯಲ್ಲಿ ಸಿಕ್ಕ ಹಳೆಯ ದುರ್ಬೀನೊಂದು ಮನೆಯಲ್ಲಿತ್ತು, ಉದ್ದವೂ ದಪ್ಪವೂ ಅಷ್ಟೇ. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆಂದು ಹೆದರಿಸಿ, ಒರೆಸಿಕೊಡುತ್ತೇನೆಂದು ಜರ್ಮನಿಯದನ್ನು ಎಂಟು ದಿನಕ್ಕೆ ತಂದರು. ಹಳೆಯದಕ್ಕೆ ಅದೇ ಬೂದು ಬಣ್ಣ ಬಳಿದು, ಅದೇ ಅಕ್ಷರ ಬರೆದು, ಅದೇ ಚರ್ಮದ ಚೀಲಕ್ಕೆ ಹಾಕಿ ಹಿಂತಿರುಗಿಸಿದರು. ಜನ್ಮದಲ್ಲಿ ಅಷ್ಟು ಚೆನ್ನಾಗಿ ಅವರು ಏನನ್ನೂ ಬರೆದಿರಲಿಲ್ಲ.

"ಮೊದಲಿನಂಗೆ ಕಾಣ್ತಾನೇ ಇಲ್ಲ ಕಣ್ರೀ ಮೇಷ್ಟ್ರೇ" ಎಂದ ಚನ್ನಬಸಪ್ಪ.

"ಗಾಜು ಚೆನ್ನಾಗಿದೆ. ವಯಸ್ಸಾಯ್ತಲ್ಲ, ಕಣ್ಣಿಗೆ ಪೊರೆ ಬಂದಿರ್ಬೇಕು."

ಆತನ ಮುಖ ಸಣ್ಣಗಾಯಿತು. ಭಾನುವಾರ ಜರ್ಮನಿಯ ದುರ್ಬೀನು ಹಿಡಿದು ಮದಗದ ಕೆರೆಯ ಏರಿಯ ಮೇಲೆ ಕೂತಾಗ ಮೇಷ್ಟ್ರಿಗೆ ಆ ಮುಖ ಮರೆತುಹೋಯಿತು. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಪಂಚನಹಳ್ಳಿಯವರು ಇತ್ತ ಸುಳಿಯುವುದಿಲ್ಲ, ಬಾಯಿ ಬಿಡದಿದ್ದರಾಯಿತು.

ಆ ಚಳಿಗಾಲ ಕೆರೆಗೆ ಬಿಳಿ ಕೊಕ್ಕರೆಯೊಂದು ಬಂತು. ಕಾಲಿನಲ್ಲಿ, ವಲಸೆಯ ಜಾಡು ತಿಳಿಯಲೆಂದು ತೊಡಿಸುವ ನಂಬರಿನ ಲೋಹದ ಬಳೆ. ಮೇಷ್ಟ್ರು ಉಸಿರು ಬಿಗಿಹಿಡಿದು ತಿರುಪು ತಿರುಗಿಸಿದರು. ಅಂಕಿಗಳು ಒಂದೊಂದಾಗಿ ಮೂಡಿದವು. ಯುರೋಪಿನಲ್ಲಿ ಯಾರೋ ತೊಡಿಸಿದ ಬಳೆಯನ್ನು ಕಡೂರು ತಾಲ್ಲೂಕಿನ ಕೆಸರಿನಲ್ಲಿ ಓದುವುದೆಂದರೆ! ಇಂಥದ್ದನ್ನು ಕಂಡೂ ಸುಮ್ಮನಿರುವ ಹಕ್ಕಿಹುಚ್ಚ ಇನ್ನೂ ಹುಟ್ಟಿಲ್ಲ. ಮುಂಬಯಿಯ ಪಕ್ಷಿ ಸಂಘಕ್ಕೆ ಬರೆದರು. ಅವರು ಕಳಿಸಿದ ಫಾರಂ ತುಂಬಿಸಿದರು. ಲೋಕಕ್ಕೆ ಸುಳ್ಳು ಹೇಳಿದ್ದರೂ ಹಕ್ಕಿಯ ದಾಖಲೆಯಲ್ಲಿ ಅವರು ಎಂದೂ ಸುಳ್ಳು ಬರೆದವರಲ್ಲ. ದೂರ ನೂರೈವತ್ತು ಗಜ ಎಂದು ಬರೆಯಲು ದಡದ ಮೇಲೆ ಎರಡೆರಡು ಸಲ ಹೆಜ್ಜೆ ಹಾಕಿದರು. ದಿನಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಯಿತು. ಹೆಡ್‌ಮಾಸ್ಟರು ಹಾರ ಹಾಕಿದರು. ಕಳ್ಳತನಕ್ಕೆ ಹಾರ ಹಾಕಿಸಿಕೊಂಡ ಮೊದಲ ಮೇಷ್ಟ್ರು ತಾನೇ ಎಂದು ಒಳಗೊಳಗೇ ನಕ್ಕರು.

ಮರುದಿನ ಚನ್ನಬಸಪ್ಪ ಬಸ್ಸಿಳಿದು ನೇರ ಮನೆಗೆ ಬಂದ. ಮೂಗಿನ ಮೇಲೆ ಹೊಸ ಕನ್ನಡಕ, ಕೈಯಲ್ಲಿ ಅದೇ ಪತ್ರಿಕೆ. "ಪೊರೆ ಅಂದ್ರಲ್ಲ, ಶಿವಮೊಗ್ಗದ ಡಾಕ್ಟ್ರು ಪೊರೆಗಿರೆ ಏನಿಲ್ಲ ಅಂದ್ರು. ಆದ್ರೂ ನಿಮ್ ಮಾತು ನಂಬಿ ಹಟ ಮಾಡಿ ಕನ್ನಡಕ ಹಾಕಿಸ್ಕೊಂಡೆ" ಎಂದು ಕೂತು, ಪತ್ರಿಕೆ ಬಿಡಿಸಿದ. ಸಂಘದವರು ಫಾರಂ ಅನ್ನು ಇದ್ದದ್ದು ಇದ್ದಂತೆಯೇ ಅಚ್ಚಿಗೆ ಕೊಟ್ಟಿದ್ದರು. ಹಕ್ಕಿ, ಜಾಗ, ದೂರ. ಅದರ ಕೆಳಗೆ, ಬಳಸಿದ ಉಪಕರಣ ಎಂಬಲ್ಲಿ, ಜರ್ಮನಿಯ ಕಂಪನಿಯ ಹೆಸರನ್ನೂ ಅರವತ್ತು ಪಟ್ಟನ್ನೂ ಮೇಷ್ಟ್ರು ಒಂದಕ್ಷರ ಬಿಡದೆ ತುಂಬಿಸಿದ್ದರು. ಚನ್ನಬಸಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದ: "ಹಂಗಾದ್ರೆ ನಮ್ಮನೆ ಮಹಡಿ ಮೇಲಿರೋದು ಯಾವ್ದು ಮೇಷ್ಟ್ರೇ?"