ಗೋಡೆಯಾಚೆಯ ಕೇಕು

ಮಂಜವ್ವ ತಂದುಕೊಟ್ಟ ಬೆಣ್ಣೆಯನ್ನು ಹೂವಪ್ಪ ಅವಳ ಕಣ್ಣೆದುರೇ ನೀರಿನಲ್ಲಿ ತೊಳೆದ.

ನಸುಕಿನಲ್ಲೆದ್ದು ಕಡೆದ ಬೆಣ್ಣೆ. ಮುತ್ತಲದ ಎಲೆಯ ಮೇಲೆ ಮೊಲದ ಮರಿಯ ಹಾಗೆ ಬೆಳ್ಳಗೆ ಕೂತಿತ್ತು. ಅವನು ಅದನ್ನು ಬೋಗುಣಿಗೆ ಹಾಕಿ, ತಂಬಿಗೆಯ ನೀರು ಸುರಿದು, ಹಿಚುಕಿ, ಆ ನೀರು ಚೆಲ್ಲಿ, ಮತ್ತೆ ಸುರಿದ.

"ಯಾಕ್ರಿ, ನಮ್ಮ ಬೆಣ್ಣಿಗೆ ಏನ ಹೊಲಸು ಹತ್ತೇತಿ?"

ಅವನು ತಲೆಯೆತ್ತಿದ. ಕೈ ಮೊಳಕೈವರೆಗೆ ಒದ್ದೆ. "ಅಯ್ಯ, ಹಂಗಲ್ರಿ..."

"ಇಷ್ಟು ವರ್ಷ ಸವಣೂರಾಗ ಬೆಣ್ಣಿ ಮಾರೇವಿ. ತೊಳದು ತಗೊಂಡವರ್ನ ಇವತ್ತ ನೋಡಿದ್ದು. ಕೊಡ್ರಿ ಇಲ್ಲೆ."

ನೀರು ತೊಟ್ಟಿಕ್ಕುವ ಬೆಣ್ಣೆಯನ್ನು ಎಲೆಯಲ್ಲಿ ಬಾಚಿಕೊಂಡು ಅವಳು ಹೊರಟೇಬಿಟ್ಟಳು. ಅಂಗಳದುದ್ದಕ್ಕೂ ಹನಿಯ ಸಾಲು.

ಅದು ಎಪ್ಪತ್ತೆಂಟನೇ ಇಸವಿ. ಹೂವಪ್ಪ ಊರಿಗೆ ಬಂದು ವಾರವೂ ಆಗಿರಲಿಲ್ಲ. ಮೀಸೆ ಮೂಡುವ ಮೊದಲೇ ಮುಂಬೈಗೆ ಓಡಿಹೋಗಿ, ಹಡಗಿನ ಅಡುಗೆಮನೆ ಸೇರಿ, ದೇಶದೇಶದ ಬಂದರು ಸುತ್ತಿದವನು. ತಾಯಿ ಅಡಿವೆವ್ವ ಹಾಸಿಗೆ ಹಿಡಿದಳೆಂದು ತಿಳಿದು ರಜೆ ಹಾಕಿ ಬಂದಿದ್ದ. ರೊಟ್ಟಿ ಅಗಿಯಲಾರದ, ಗಂಜಿ ಒಲ್ಲೆನೆನ್ನುವ ತಾಯಿಗೆ ಮೆತ್ತಗಿನದು ಏನಾದರೂ ತಿನ್ನಿಸಬೇಕು. ಅವನಿಗೆ ಬರುತ್ತಿದ್ದದ್ದು ಕೇಕು.

ಮಂಜವ್ವ ಪಕ್ಕದ ಮನೆಯ ಸೊಸೆ. ಗಂಡ ಕಾಮಾಲೆಯಲ್ಲಿ ತೀರಿಕೊಂಡಾಗ ಮಗಳು ಕಸ್ತೂರಿ ಇನ್ನೂ ತೊಟ್ಟಿಲಲ್ಲಿದ್ದಳು. ಈಗ ಪಾಟಿ ಹಿಡಿದು ಶಾಲೆಗೆ ಹೋಗುತ್ತಾಳೆ. ಮನೆಯಲ್ಲಿ ಅತ್ತೆ ಉಡಚವ್ವ, ಎರಡು ಎಮ್ಮೆ, ಒಂದಿಷ್ಟು ಕೋಳಿ. ಬೆಣ್ಣೆ, ತತ್ತಿ ಮಾರಿ ಮೂವರ ಸಂಸಾರ ನಡೆಯುತ್ತಿತ್ತು.

ಎರಡೂ ಮನೆಯ ಹಿತ್ತಲ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಅಂದು ಸಂಜೆ ಹೂವಪ್ಪ ಅದರಾಚೆ ಬಂದು ನಿಂತ.

"ಬೆಣ್ಣಿಯೊಳಗ ಮಜ್ಜಿಗಿ ಉಳದ್ರ ಕೇಕು ಹುಳಿ ವಾಸನಿ ಹೊಡಿತೈತ್ರಿ. ಅದಕ್ಕ ತೊಳದೆ. ನಿಮ್ಮ ಬೆಣ್ಣಿ ತಪ್ಪಿಲ್ಲ, ಸೊಕ್ಕು ಕೇಕಿಂದು."

"ಅಷ್ಟು ಸೊಕ್ಕಿದ್ದದ್ದನ್ನ ಯಾಕ ಮಾಡ್ತೀರಿ? ರೊಟ್ಟಿ ಬಡೀರಿ."

"ರೊಟ್ಟಿ ಬಡಿಯಾಕ ಬಂದಿದ್ರ ನಿಮ್ಮ ಮುಂದ ಹಿಂಗ ಕೈಕಟ್ಟಿ ನಿಂದರ್ತಿದ್ನೇನ್ರಿ?"

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು. ಕಣ್ಣು ಮಾತು ಕೇಳಲಿಲ್ಲ. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

ಮರುದಿನದಿಂದ ಅವಳೇ ಬೆಣ್ಣೆ ತೊಳೆದು ಕೊಡತೊಡಗಿದಳು.

ಕೇಕಿನ ಒಲೆ ಆ ಓಣಿಯಲ್ಲಿ ಯಾರ ಮನೆಯಲ್ಲಿತ್ತು? ಹೂವಪ್ಪ ಹಿತ್ತಲಲ್ಲಿ ಇದ್ದಿಲ ಶೆಗಡಿ ಹೊತ್ತಿಸಿ, ಮೇಲೊಂದು ದೊಡ್ಡ ಪಾತ್ರೆ ಇಟ್ಟು, ತಳಕ್ಕೆ ಉಸುಕು ಹರವಿ, ಉಸುಕಿನ ಮೇಲೆ ಹಿಟ್ಟಿನ ಡಬ್ಬಿ ಕೂರಿಸಿ, ಮುಚ್ಚಳದ ಮೇಲೆ ಕೆಂಡ ಹೇರುತ್ತಿದ್ದ. ಮೇಲೆ ಬೆಂಕಿ, ಕೆಳಗೆ ಬೆಂಕಿ, ನಡುವೆ ಮೆಲ್ಲಗೆ ಉಬ್ಬುವ ಜೀವ. ಆ ವಾಸನೆ ಗೋಡೆ ದಾಟಿತೆಂದರೆ ಕಸ್ತೂರಿ ಪಾಟಿ ಬಿಸುಟು ಓಡುತ್ತಿದ್ದಳು. ಅಡಿವೆವ್ವ ಎರಡು ತುತ್ತು ತಿಂದರೆ ಅವಳು ನಾಲ್ಕು ತಿನ್ನುತ್ತಿದ್ದಳು.

ಹಡಗು ಬಂದರಿನಲ್ಲಿ ನಿಂತಾಗ ಜತೆಗಾರರ ಮನೆಗೆ ಹೋಗಿ, ಅವರ ತಾಯಂದಿರ ಬಗಲಿಗೆ ಕೂತು ಕಲಿತ ಕೇಕುಗಳು ಅವು. ಹೋಟೆಲಿನವಲ್ಲ, ಮನೆಯವು. ಈಜಿಪ್ಟಿನ ರವೆಯ ಕೇಕಿಗೆ ಪಾಕ ಸುರಿದು ಕೊಟ್ಟ ದಿನ ಮಂಜವ್ವ ರುಚಿ ನೋಡಿ ಅಂದಳು, "ಇದು ನಮ್ಮ ಶಿರಾನ ಐತಿ ತಗೋರಿ. ಹಡಗ ಹತ್ತಿ ಹೋಗಿ ಗಟ್ಟಿ ಆಗೇತಿ ಅಷ್ಟ."

"ನಾನೂ ಹಂಗ ಅಂತೀರೇನು?"

"ನೀವೆಲ್ಲಿ ಗಟ್ಟಿ? ಅಡಿವೆವ್ವ ಕೆಮ್ಮಿದ್ರ ಸಾಕು, ಕಣ್ಣಾಗ ನೀರು ತರ್ತೀರಿ."

ಜಪಾನಿನ ಜೇನಿನ ಕೇಕು ಉಡಚವ್ವನವರೆಗೂ ಹೋಯಿತು. ಎಲೆ ಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ಮುದುಕಿ ಒಂದು ಚೂರು ಬಾಯಿಗಿಟ್ಟಳು. ಇನ್ನೊಂದು ಚೂರಿಗೆ ಕೈ ಚಾಚಿದಳು.

"ಇಟ್ಟಿದ್ದು ಗೊತ್ತು, ನುಂಗಿದ್ದು ಗೊತ್ತಿಲ್ಲ," ಅಂದಳು ಕೊನೆಗೆ. "ಹಲ್ಲಿಲ್ಲದವರಿಗಂತನ ಮಾಡ್ಯಾರ ನೋಡು. ಆ ದೇಶದಾಗ ಮುದುಕ್ಯಾರಿಗೆ ಕಿಮ್ಮತ್ತು ಐತಿ ಹಂಗಾರ."

ಗೋವಾದ ಬೆಬಿಂಕಾ ಮಾತ್ರ ಒಂದಿಡೀ ಮಧ್ಯಾಹ್ನ ನುಂಗಿತು. ತೆಂಗಿನಹಾಲು, ತತ್ತಿಯ ಹಳದಿ, ಸಕ್ಕರೆ. ಒಂದು ಪದರು ಸುರಿಯಬೇಕು, ಮೇಲಿನ ಕೆಂಡಕ್ಕೆ ಅದು ಕೆಂಪಗಾಗಬೇಕು, ತುಪ್ಪ ಸವರಬೇಕು, ಮತ್ತೊಂದು ಪದರು ಸುರಿಯಬೇಕು. ಕಸ್ತೂರಿ ಒಳಗೆ ಅಡಿವೆವ್ವನ ಮಗ್ಗುಲಲ್ಲಿ ನಿದ್ದೆ ಹೋಗಿದ್ದಳು. ಮಂಜವ್ವ ಗೋಡೆಯ ಮೇಲೆ ಮೊಳಕೈಯೂರಿ ನಿಂತಿದ್ದಳು.

"ಅವಸರ ಮಾಡಿದ್ರ ಏನಾಗತೈತ್ರಿ?"

"ಒಂದರಾಗೊಂದು ಕಲತು ಮುದ್ದಿ ಆಗತೈತಿ. ಒಂದು ಪೂರಾ ಬೆಂದ ಮ್ಯಾಲೆನ ಇನ್ನೊಂದು."

"ಇಷ್ಟು ತಾಳ್ಮಿ ನಿಮಗ ಯಾರು ಕಲಿಸಿದ್ರು?"

"ಸಮುದ್ರ. ಎಲ್ಲಿ ನೋಡಿದ್ರೂ ನೀರ. ದಂಡಿ ಬರೂತನಕ ಸುಮ್ನ ಕುಂದರಬೇಕು." ಅವನು ಬಾಗಿ ಕೆಂಡ ಊದಿದ. ಬೂದಿ ಹಾರಿ ಹುಬ್ಬಿಗೆ ಹತ್ತಿತು. "ದಂಡಿ ಬಂದ್ರೂ ಇಳದು ಹೋಗಾಕ ಒಂದು ಮನಿ ಬೇಕಲ್ರಿ."

ಹುಬ್ಬಿನ ಬೂದಿ ಒರೆಸಬೇಕೆಂದು ಅವಳ ಕೈ ಎದ್ದಿತು. ಅರ್ಧ ದಾರಿಗೆ ಹೋಗಿ ತಿರುಗಿ ಬಂದು ತನ್ನದೇ ಸೆರಗು ಸರಿಮಾಡಿತು.

"ಹುಬ್ಬು ಬೆಳ್ಳಗಾಗೇತಿ, ಒರಸಿಕೋರಿ," ಅಂದಳು. "ಮುದುಕ ಆದಂಗ ಕಾಣ್ತೀರಿ."

"ಆಗೂತನಕ ನೋಡಾಕ ನೀವಿದ್ರ ಆಗ್ಲಿ ಬಿಡ್ರಿ."

ಅವಳು ಪದರು ಕೆಂಪಗಾಗುವುದನ್ನೇ ನೋಡುತ್ತ ನಿಂತಳು. ಕಿವಿಯ ತುದಿ ಮಾತ್ರ ಅದಕ್ಕಿಂತ ಮೊದಲೇ ಕೆಂಪಗಾಗಿತ್ತು.

ಚಳಿ ಮುಗಿಯುವ ಹೊತ್ತಿಗೆ ಅಡಿವೆವ್ವ ತೀರಿಕೊಂಡಳು. ದಿನಕರ್ಮ ಮುಗಿಯಿತು. ಹಡಗಿನವರ ಕರೆ ಬಂತು. ಇನ್ನು ಕೇಕು ಮಾಡಲು ಕಾರಣವಿರಲಿಲ್ಲ, ಆದರೂ ಶೆಗಡಿ ಹೊತ್ತುತ್ತಲೇ ಇತ್ತು. ಹೂವಪ್ಪ ಹೋಗಲೊಲ್ಲ.

ಆಗಲೇ ಅವನು ಆ ತಪ್ಪು ಮಾಡಿದ್ದು. ಎಳವೆಯಲ್ಲೇ ಊರು ಬಿಟ್ಟವನಿಗೆ ತನ್ನ ಮಂದಿಯ ಕಟ್ಟಳೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಮಂಜವ್ವನಿಗೆ ಒಂದು ಮಾತೂ ಹೇಳದೆ ಬಸ್ಸು ಹತ್ತಿ ಹಂಸಭಾವಿಗೆ ಹೋಗಿ, ಅವಳ ಅಣ್ಣ ಗುತ್ತೆಪ್ಪನ ಮುಂದೆ ಕೂತು ಅವಳನ್ನು ಕೇಳಿಬಿಟ್ಟ.

ಗಂಡ ಸತ್ತವಳು ಮತ್ತೊಬ್ಬನ ಕೈಯಿಂದ ಸೀರೆ ಉಟ್ಟು ಬಳೆ ಇಟ್ಟುಕೊಂಡರೆ ಅದು ಉಡಿಕೆ. ಅವರ ಮಂದಿಯಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಆದರೆ ಮೊದಲ ಗಂಡನ ಮಕ್ಕಳು ಮೊದಲ ಗಂಡನ ಮನೆಯವು. ಉಡಿಕೆಯಾಗಿ ಹೋದವಳು ಆ ಮನೆಯ ಹೊಸ್ತಿಲು ಮತ್ತೆ ತುಳಿಯುವಂತಿಲ್ಲ. ಗುತ್ತೆಪ್ಪನಿಗೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಿಡಿಸಿ ಹೇಳಬೇಕೆಂದು ಅವನಿಗೆ ಅನಿಸಲೇ ಇಲ್ಲ. ಮರುವಾರ ಬಂದು ಉಡಚವ್ವನೆದುರು ಕೂತ.

"ಅತ್ತಿ, ತಂಗಿ ಇನ್ನೂ ಸಣ್ಣಾಕಿ. ಬಾಜೂಕಿನ ಹೂವಪ್ಪ ಉಡಿಕಿ ಮಾಡ್ಕೋತೇನಿ ಅಂತಾನ್ರಿ. ನಿಮ್ಮದೇನು ಮಾತು?"

ಚಹಾದ ಕಪ್ಪು ಹಿಡಿದು ಬಂದ ಮಂಜವ್ವ ಬಾಗಿಲಲ್ಲೇ ನಿಂತಳು.

ಉಡಚವ್ವ ಮಡಿಚಿದ್ದ ಎಲೆಯನ್ನು ಬಾಯಿಗೆ ಹಾಕಲಿಲ್ಲ. "ಮಾಡ್ಕೊಳ್ಲಿ. ನನ್ನ ಮಗ ಸತ್ತ ಅಂತ ಆಕೀನೂ ಸಾಯಬೇಕೇನು? ಹುಡುಗ ಚಲೋ ಅದಾನ. ತಾಯಿಗೆ ಹೆಂಗ ತಿನ್ನಿಸಿದ ಅಂತ ನಾ ನೋಡೇನಿ." ಆಮೇಲೆ ದನಿ ಇಳಿಯಿತು. "ಕೂಸು ನಮ್ಮ ಮನೀದು. ಅದು ನಿನಗೂ ಗೊತ್ತು."

"ಗೊತ್ತೈತ್ರಿ."

ಮಂಜವ್ವ ಕಪ್ಪನ್ನು ನೆಲಕ್ಕಿಟ್ಟು ಹಿತ್ತಲಿಗೆ ನಡೆದಳು. ಹೂವಪ್ಪ ಗೋಡೆಯಾಚೆ ಕಾಯುತ್ತಲೇ ಇದ್ದ, ಹೊಸ ಅಂಗಿ ತೊಟ್ಟು.

"ನನ್ನ ಒಂದ ಮಾತ ಕೇಳಬಾರದಿತ್ತೇನ್ರಿ?"

"ಕೇಳಿದ್ರ ಬ್ಯಾಡ ಅಂತಿದ್ದಿ." ಅವನ ಬಾಯಲ್ಲಿ ಅದೇ ಮೊದಲ ಏಕವಚನ.

"ಬ್ಯಾಡ ಅಂತಿದ್ದಿಲ್ಲ. ಯಾರಿಗೂ ಹೇಳಬ್ಯಾಡ್ರಿ ಅಂತಿದ್ದೆ."

ಅವನಿಗೆ ತಿಳಿಯಲಿಲ್ಲ. ಅವಳೇ ಹೇಳಿದಳು, ಕಟ್ಟಳೆಯ ಇನ್ನರ್ಧವನ್ನು. ಹೇಳುತ್ತ ಹೋದಂತೆ ಅವನ ಮುಖ ಬೇಯುವ ಮೊದಲೇ ಮುಚ್ಚಳ ತೆಗೆದ ಕೇಕಿನ ಹಾಗೆ ಕುಸಿಯಿತು.

"ಈ ಗೋಡಿ ಒಡದು ಒಂದ ಬಾಗಿಲಾ ಇಟ್ರ ಆತು ಅಂತ ತಿಳಕೊಂಡಿದ್ದೆ," ಅಂದ. "ಕಸ್ತೂರಿ ಆ ಮನಿಗೂ ಈ ಮನಿಗೂ ಓಡ್ಯಾಡಕೋತ ಇರ್ತಾಳ ಅಂತ."

"ಆಕೀಗೆ ಜ್ವರ ಬಂದು ಅವ್ವಾ ಅಂತ ಒದರಿದ್ರ ನಾ ಆ ಕಡೆ ನಿಂತು ಬರೇ ಕೇಳಬೇಕು. ಬರಂಗಿಲ್ಲ."

"ಹಂಗಾರ ದೂರ ಹೋಗೂಣು. ಮುಂಬೈಗೆ. ಕಸ್ತೂರೀನ ಕರಕೊಂಡ ಹೋಗೂಣು. ಅಲ್ಲಿ ಯಾರು ಕೇಳ್ತಾರ?"

ಅವಳು ತಿರುಗಿ ನೋಡಿದಳು. ಪಡಸಾಲೆಯ ಬಾಗಿಲಲ್ಲಿ ಉಡಚವ್ವ ಮೊಮ್ಮಗಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತಲೆ ಹಿಕ್ಕುತ್ತಿದ್ದಳು. ಸಿಕ್ಕು ಬಂದಲ್ಲಿ ಬಾಚಣಿಗೆ ನಿಲ್ಲುತ್ತಿತ್ತು, ಬೆರಳು ಬಿಡಿಸುತ್ತಿತ್ತು.

"ಕಸ್ತೂರಿ ನಕ್ಕಾಗ ಅತ್ತಿಗೆ ಮಗನ ಮಾರಿ ಕಾಣತೈತಿ. ಒಮ್ಮೆ ಮಣ್ಣಿಗಿಟ್ಟು ಬಂದಾಳ. ಮತ್ತೊಮ್ಮೆ ನಾ ಕಸಗೊಂಡ ಹೋಗ್ಲೇನು? ನನಗ ಹೋಗು ಅಂತ ಹೇಳಿದಾಕೀ ಕಡಿಂದ?"

ಅವನು ಗೋಡೆಯ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತ ನಿಂತ.

"ನಿನ್ನ ಮ್ಯಾಲೆ ಮನಸಿಲ್ಲ ಅಂತರ ಹೇಳಿಬಿಡು ಮಂಜವ್ವ. ಹೋಗೂದು ಹಗರ ಆಗತೈತಿ."

"ನನಗ ಸುಳ್ಳ ಹೇಳಾಕ ಬರೂದಿಲ್ಲ, ಹೂವಪ್ಪ."

'ರಿ' ಇಲ್ಲದೆ ಅವಳು ಅವನ ಹೆಸರು ಹಿಡಿದದ್ದು ಅದೊಂದೇ ಸಲ. ಅದಾದ ಮೇಲೆ ಅವಳು ಗೋಡೆಯ ಬಳಿ ಹೋಗಲಿಲ್ಲ. ಮಾತು ಹಿರಿಯರ ಕಿವಿಗೆ ಬಿದ್ದ ಮೇಲೆ ಅಲ್ಲಿ ನಿಲ್ಲುವುದು ಚೆಂದವೂ ಅಲ್ಲ. ಅವನು ಹೋಗಿ ಕೇಳದೇ ಇದ್ದಿದ್ದರೆ ಇನ್ನೆಷ್ಟೋ ಮಧ್ಯಾಹ್ನ ನಿಲ್ಲಬಹುದಿತ್ತು.

ಹೊರಡುವ ದಿನ ಬೆಳಿಗ್ಗೆ ಹೂವಪ್ಪ ಮುಂಬಾಗಿಲಿಗೆ ಬಂದ. ಕೈಯಲ್ಲಿ ಅಗಲವಾದ ಪರಾತ, ಅದರ ಮೇಲೆ ಬಟ್ಟೆ.

"ಒಳಗ ಬರ್ಲೇನ್ರಿ ಉಡಚವ್ವಾರ?"

"ಬಾರಪ್ಪ. ಉಣ್ಣೂ ಪದಾರ್ಥ ತಂದಾವನ್ನ ಹೊರಗ ನಿಂದರಸತಾರೇನು?"

ಬಟ್ಟೆ ತೆಗೆದಾಗ ಕಸ್ತೂರಿ ಬಾಯಿ ತೆರೆದಳು. ಬಳೆಯಾಕಾರದ ಕೇಕುಗಳು, ದೊಡ್ಡದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ಶಿಖರದ ಹಾಗೆ ಮೇಲೇರಿದ್ದವು. ಬಳೆ ಬಳೆಗೂ ಸಕ್ಕರೆ ಪಾಕದ ಅಂಟು.

"ನಾರ್ವೆ ಅಂತ ಒಂದು ದೇಶ. ಅಲ್ಲೀದು. ಅವರು ಬದಾಮಿ ಕುಟ್ಟಿ ಮಾಡ್ತಾರ. ನಾ ಶೇಂಗಾ ಕುಟ್ಟಿದೆ."

"ಹಬ್ಬಕ್ಕ ಮಾಡೂದೇನು?" ಉಡಚವ್ವ ಕೇಳಿದಳು.

ಅವನು ತಡೆದ. "ಮದಿವ್ಯಾಗ್ರಿ."

 ಕಸ್ತೂರಿಯೊಬ್ಬಳೇ, "ಹೆಂಗ ತಿನ್ನೂದು?" ಅಂದಳು.

"ಮದುಮಕ್ಕಳು ಇಬ್ಬರೂ ಕೂಡಿ ತುದೀ ಬಳಿ ಎತ್ತಬೇಕವ್ವ. ಕೆಳಗಿನವು ಅದಕ್ಕ ಹತ್ತಿಕೊಂಡು ಎಷ್ಟು ಏಳತಾವ, ಅವರಿಗೆ ಅಷ್ಟು ಮಕ್ಕಳಂತ." ಹೇಳಿ, ಹೇಳಬಾರದಿತ್ತೇನೋ ಎಂಬಂತೆ ಕೈ ಹಿಂದಕ್ಕೆಳೆದುಕೊಂಡ.

ಮಂಜವ್ವ ಒಳಬಾಗಿಲ ಹತ್ತಿರ ನಿಂತಿದ್ದಳು. ಅತ್ತೆಯ ಮುಖ ನೋಡಿದಳು. ಅತ್ತೆ ಹೊರಗಿನ ಬಿಸಿಲು ನೋಡತೊಡಗಿದಳು.

ಅವಳು ಬಂದು ಪರಾತದ ಮುಂದೆ ಕೂತಳು. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಆ ಪುಟ್ಟ ಕೈಯನ್ನು ತುದಿಯ ಬಳೆಗೆ ಹಿಡಿಸಿ, ಅದರ ಮೇಲೆ ತನ್ನ ಕೈಯಿಟ್ಟು, ಹೂವಪ್ಪನ ಕಡೆ ಕಣ್ಣೆತ್ತಿದಳು.

ಅವನೂ ಕೈ ಚಾಚಿದ. ಅವನ ಬೆರಳು ಅವಳ ಬೆರಳಿಗೆ ತಗುಲಿದ್ದು ಅಂದೇ ಮೊದಲು. ಬೆಂಕಿಯ ಮುಂದೆ ಬದುಕಿದ ಬೆರಳು, ಒರಟಾಗಿ, ಬೆಚ್ಚಗೆ.

ಮೂವರೂ ಕೂಡಿ ಎತ್ತಿದರು.

"ಒಂದ!" ಕಸ್ತೂರಿ ಕೂಗಿದಳು. "ಯವ್ವಾ, ಒಂದ ಹತ್ತಿಕೊಂಡು ಬಂತು ನೋಡ!"

"ಹೂಂ," ಅಂದಳು ಮಂಜವ್ವ. "ಒಂದ."

"ಕೇಕು ಖರೇನ ಹೇಳ್ತು," ಅಂದ ಹೂವಪ್ಪ. ಕೈಯನ್ನು ಅವನೇ ಮೊದಲು ತೆಗೆದ. ಉಡಚವ್ವನ ಕಾಲಿಗೆ ನಮಸ್ಕಾರ ಮಾಡಿದ. ಹುಡುಗಿಯ ತಲೆ ಸವರಿದ. ಟಾಂಗಾ ಬಂದು ನಿಂತ ಸಪ್ಪಳಕ್ಕೆ ಎದ್ದು ಹೊರಟ. ಮಂಜವ್ವ ಬಾಗಿಲವರೆಗೆ ಹೋಗಲಿಲ್ಲ. ಪರಾತದ ಮುಂದೆಯೇ ಕೂತು, ಗಾಲಿಯ ಸಪ್ಪಳ ಓಣಿ ತಿರುಗುವವರೆಗೂ ಕೇಳಿದಳು.

ಮಧ್ಯಾಹ್ನ ಕಸ್ತೂರಿ ಹೊಟ್ಟೆತುಂಬ ತಿಂದು, ಗಲ್ಲಕ್ಕೆ ಶೇಂಗಾ ಪುಡಿ ಹತ್ತಿಸಿಕೊಂಡು ಮಲಗಿದಳು. ಉಡಚವ್ವ ಒಂದು ತುಂಡನ್ನು ಚಹಾದಲ್ಲಿ ನೆನೆಸಿ ನೆನೆಸಿ ತಿನ್ನುತ್ತಿದ್ದಳು. ಮಂಜವ್ವ ಕಸ ಹೊಡೆದಳು. ಹೊಡೆದ ಕಡೆಯೇ ಮತ್ತೆ ಹೊಡೆದಳು.

"ಅಂವಾ ಈಗ ಎಲ್ಲಿ ಮುಟ್ಟಿರಬೇಕು?" ಮುದುಕಿ ಕೇಳಿದಳು.

"ಯಲವಿಗಿ ಸ್ಟೇಷನ್ ಮುಟ್ಟಿರಬೇಕ್ರಿ ಅತ್ತಿ."

"ರೈಲು ಬಂದಿರತೈತೇನು?"

"ಬಂದಿರಬೇಕ್ರಿ." ಕಸಬರಿಗೆ ಮೂಲೆಗಿಟ್ಟಳು. "ಎಮ್ಮಿಗೆ ನೀರು ಕುಡಿಸಿ ಬರ್ತೇನಿ."

ಉಡಚವ್ವ ಅವಳ ಸೆರಗಿನ ಚುಂಗು ಹಿಡಿದು ಜಗ್ಗಿ ಪಕ್ಕಕ್ಕೆ ಕೂರಿಸಿಕೊಂಡಳು.

"ಎಮ್ಮಿ ನಾ ನೋಡ್ಕೋತೇನಿ. ಕೂಸು ಮಲಗೇತಿ. ಈಗ ಅಳು."